ಘಟ್ಟದ ಮೇಲೆ ಎರಡು ರಾತ್ರಿ

ದೀಪಾವಳಿಯ ವಹಿಪೂಜೆ ಮುಗಿದು, ಬಾಕಿ ವಸೂಲಿಯ ಗದ್ದಲ ತಣ್ಣಗಾದ ಮೇಲೆ ನಮ್ಮ ವ್ಯಾಪಾರಸ್ಥರ ಮನೆಗಳಲ್ಲಿ ಪ್ರವಾಸದ ಮಾತು ಏಳುತ್ತದೆ. ಮೊದಲೆಲ್ಲ ಪ್ರವಾಸವೆಂದರೆ ಯಾತ್ರೆಯೇ ಆಗಿತ್ತು. ಶ್ರವಣಬೆಳಗೊಳ, ಕುಂಥಲಗಿರಿ, ಶಿಖರಜಿ. ಹತ್ತಿರಕ್ಕೆಂದರೆ ಕುಂಭೋಜದ ಬಾಹುಬಲಿ. ಈಗಿನ ಹುಡುಗರಿಗೆ ಜೀಪು ಬೇಕು, ಡೇರೆ ಬೇಕು, ಗುಡ್ಡದ ಮೇಲೆ ಚಳಿಯಲ್ಲಿ ಮಲಗಬೇಕು. ಇದನ್ನು ಕೇಳಿದ ತಾಯಂದಿರ ಪ್ರಶ್ನೆ ಒಂದೇ: "ಅಲ್ಲಿ ಊಟಕ್ಕ ಏನ ಮಾಡ್ತೀರಿ?" ಪ್ರಶ್ನೆ ಸಣ್ಣದಲ್ಲ. ಕಳೆದ ಡಿಸೆಂಬರಿನಲ್ಲಿ ನಾವು ಆರು ಜನ ಹೀಗೆ ಹೋಗಿ ಬಂದುದರಿಂದ ವಾಚಕ ಬಂಧುಗಳಿಗೆ ನಾಲ್ಕು ಮಾತು ಹೇಳಬಹುದೆನಿಸಿತು.

ಇಚಲಕರಂಜಿಯ ಮಗ್ಗದ ಸಾವಕಾರರಿಬ್ಬರು, ಕೊಲ್ಲಾಪುರದಲ್ಲಿ ಬೆಲ್ಲದ ಅಡತಿ ಇರುವ ಹಿರಿಯರೊಬ್ಬರು, ಗಡಹಿಂಗ್ಲಜದ ಮೆಣಸಿನಕಾಯಿ ವ್ಯಾಪಾರಿ, ಅವರ ಮಗ, ಮತ್ತು ನಾನು. ಗಾಡಿ ಎರಡು. ಒಂದು ಹೊಸ ಥಾರ್. ಇನ್ನೊಂದು ಮೆಣಸಿನಕಾಯಿ ವ್ಯಾಪಾರಿಯ ತಂದೆಯವರು ಹಳ್ಳಿಹಳ್ಳಿಗೆ ಖರೀದಿಗೆಂದು ಓಡಿಸುತ್ತಿದ್ದ ಹಳೆಯ ಮಹೀಂದ್ರಾ ಜೀಪು. ಮಹೀಂದ್ರಾದವರು ವಿಲ್ಲೀಸ್ ಜೀಪನ್ನು ನಮ್ಮ ದೇಶದಲ್ಲಿ ಜೋಡಿಸಲು ತೊಡಗಿದ್ದು 1947ರಲ್ಲಿ. ಯುದ್ಧಕ್ಕಾಗಿ ಹುಟ್ಟಿದ ಆ ಗಾಡಿಯಲ್ಲಿ ನಮ್ಮ ಹಿರಿಯರು ಮೆಣಸಿನ ಚೀಲವನ್ನೂ ವಸೂಲಿ ವಹಿಯನ್ನೂ ಸಾಗಿಸಿದರು. ಅವರು ಅದನ್ನು ಮೋಜಿನ ವಸ್ತುವೆಂದು ಎಣಿಸಿರಲಿಲ್ಲ.

ಗಡಹಿಂಗ್ಲಜದಿಂದ ಸಂಕೇಶ್ವರ-ಬಾಂದಾ ಹೆದ್ದಾರಿ ಹಿಡಿದು ಆಜರಾ ಮೂಲಕ ಅಂಬೋಲಿಯ ಕಡೆಗೆ ನಮ್ಮ ದಾರಿ. ಹಿರಣ್ಯಕೇಶಿ ನದಿ ಅಂಬೋಲಿಯಲ್ಲಿ ಹುಟ್ಟಿ, ಆಜರಾ, ಗಡಹಿಂಗ್ಲಜ, ಸಂಕೇಶ್ವರಗಳನ್ನು ಹಾಯ್ದು ಘಟಪ್ರಭೆಯನ್ನು ಸೇರುತ್ತದೆ. ನಾವು ಆ ನೀರಿನ ಎದುರು ಏರಿದೆವೆನ್ನಬೇಕು. ಪಂಚಗಂಗೆಯ ಮೈಲಿಗೆ ನೀರನ್ನು ನಿತ್ಯ ನೋಡುವ ಇಚಲಕರಂಜಿಯವರು ಉಗಮದ ಗುಹೆಯಲ್ಲಿ ತಿಳಿನೀರನ್ನು ಕಂಡು ಬಹಳ ಹೊತ್ತು ಮಾತಾಡಲಿಲ್ಲ. ಅಲ್ಲಿಯ ಕುಂಡದಲ್ಲಿ ಸಣ್ಣದೊಂದು ಮೀನಿದೆ. ಅದು ಹೊಸ ಜಾತಿಯೆಂದು ಶಾಸ್ತ್ರಜ್ಞರು 2020ರಲ್ಲಿ ಗುರುತಿಸಿ ನದಿಯ ಹೆಸರನ್ನೇ ಇಟ್ಟರು. ಮರುವರ್ಷ ಮಹಾರಾಷ್ಟ್ರ ಸರಕಾರ ಆ ಸ್ಥಳವನ್ನು ಜೀವವೈವಿಧ್ಯ ಪರಂಪರೆಯ ತಾಣವೆಂದು ಸಾರಿತು. ಒಂದು ಬೆರಳುದ್ದದ ಮೀನಿಗಾಗಿ ಸರಕಾರ ಇಷ್ಟು ಮಾಡಿದ್ದು ನಮ್ಮಂಥವರಿಗೆ ಸಂತೋಷದ ಸಂಗತಿಯೇ ಸರಿ.

ಡೇರೆ ಹಾಕಿದ್ದು ಪರಿಚಯದ ರೈತರೊಬ್ಬರ ಸ್ವಂತ ಹೊಲದ ಅಂಚಿನಲ್ಲಿ. ಹೆದ್ದಾರಿ ಬಿಟ್ಟು ಜಂಬಿಟ್ಟಿಗೆ ಕಲ್ಲಿನ ಕಾಲುದಾರಿಯಲ್ಲಿ ಹೋಗಬೇಕು, ನಡುವೆ ಒಂದು ಹಳ್ಳ. ಫೋರ್ ವ್ಹೀಲ್ ಡ್ರೈವ್ ಎಂದರೆ ಇಂಜಿನಿನ ಬಲ ನಾಲ್ಕೂ ಗಾಲಿಗೆ ಹೋಗುವ ವ್ಯವಸ್ಥೆ; ಎರಡು ಗಾಲಿ ಕೆಸರಿನಲ್ಲಿ ತಿರುಗುತ್ತಿದ್ದರೂ ಉಳಿದವು ಎಳೆಯುತ್ತವೆ. ಆದರೆ ಬ್ರೇಕಿಗೆ ಇದರಿಂದ ಹೆಚ್ಚಿನ ಬಲ ಬರುವುದಿಲ್ಲ. ಇಳಿಜಾರಿನಲ್ಲಿ ಕಾಯುವುದು ಕೆಳಗಿನ ಗೇರು. ಇಂಥ ಗಾಡಿಗಳಲ್ಲಿ ಒಣ ಡಾಂಬರಿನ ಮೇಲೆ ನಾಲ್ಕು ಗಾಲಿಯ ಗೇರು ಹಾಕಲೂಬಾರದು. ತಿರುವಿನಲ್ಲಿ ಮುಂದಿನ ಗಾಲಿ, ಹಿಂದಿನ ಗಾಲಿ ಬೇರೆಬೇರೆ ದೂರ ಓಡುತ್ತವೆ. ಮಣ್ಣಿನಲ್ಲಾದರೆ ಗಾಲಿ ಜಾರಿ ಸರಿಹೋಗುತ್ತದೆ, ಡಾಂಬರಿನಲ್ಲಿ ಆ ಎಳೆದಾಟ ಗೇರಿನ ಹಲ್ಲಿನ ಮೇಲೆ ಬೀಳುತ್ತದೆ. ಹಳ್ಳವನ್ನು ಮೊದಲು ಒಬ್ಬರು ಕೋಲು ಹಿಡಿದು ನಡೆದು ನೋಡಿದರು. ಥಾರ್ ದಾಟಿತು. ಹಳೆಯ ಜೀಪು ದಂಡೆಯ ಮೇಲೆ ನಿಂತುಬಿಟ್ಟಿತು. ಎಲ್ಲರೂ ಇಳಿದು ನೂಕಿದೆವು. ಬೆಲ್ಲದ ಸಾವಕಾರರು ಬೇಡವೆಂದರೂ ಕೇಳದೆ ಎಲ್ಲರಿಗಿಂತ ಮುಂದೆ ನಿಂತು ನೂಕಿದರು.

ಹುಡುಗನಿಗೆ ಮೇಲಿನ ಸಡೆಯ ತನಕ, ಅಂದರೆ ಬಯಲು ಕಲ್ಲುಹಾಸಿನ ತನಕ, ಗಾಡಿ ಏರಿಸುವ ಆಸೆ. "ಅಲ್ಲಿ ಏನೂ ಇಲ್ಲಪ್ಪಾ, ಬರೇ ಒಣಹುಲ್ಲ," ಅಂದ. ತಂದೆ ಬೇಡವೆಂದರು. ಚಳಿಗಾಲದಲ್ಲಿ ಸಡೆ ಸತ್ತಂತೆ ಕಾಣುತ್ತದೆ ನಿಜ. ಆದರೆ ಮಳೆಗಾಲದ ಹೂವಿನ ಬೀಜ, ಗಡ್ಡೆಗಳೆಲ್ಲ ಆ ಬೊಗಸೆ ಮಣ್ಣಿನಲ್ಲೇ ಇರುತ್ತವೆ. ಕಲ್ಲಿನ ಸಂದಿಯಲ್ಲಿ ಹಲ್ಲಿ, ಕಪ್ಪೆಗಳಿರುತ್ತವೆ. ಹುಲಿಪಟ್ಟೆಯ ಒಂದು ನೆಲಗಪ್ಪೆಯನ್ನು 2009ರಲ್ಲಿ ಹೊಸ ಜಾತಿಯೆಂದು ಹೆಸರಿಸಿದ್ದು ಇದೇ ಅಂಬೋಲಿಯಿಂದ. ಗಾಲಿ ಒಮ್ಮೆ ಹಾಯ್ದ ಗೆರೆ ಅಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ನಾವು ನಡೆದೇ ಹೋದೆವು. ಅರ್ಧ ತಾಸಿನ ಏರು ಅಷ್ಟೆ.

ಇನ್ನು ತಾಯಂದಿರ ಪ್ರಶ್ನೆ. ಡಿಸೆಂಬರಿನ ಮಧ್ಯದಲ್ಲಿ ನಮ್ಮ ಕಡೆ ಸೂರ್ಯ ಮುಳುಗುವುದು ಆರು ಗಂಟೆಯ ಸುಮಾರಿಗೆ. ಗುಡ್ಡದ ಮಗ್ಗುಲಲ್ಲಿ ಬೆಳಕು ಅದಕ್ಕೂ ಮೊದಲೇ ಜಾರುತ್ತದೆ. ಆದ್ದರಿಂದ ನಾಲ್ಕಕ್ಕೇ ಸ್ಟೋವು ಹಚ್ಚಿದೆವು. ಮನೆಯಿಂದ ತಂದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಲ್ಲೇ ಮಾಡಿದ ಬೇಳೆಸಾರು, ಆಜರಾದ ಘನಸಾಳ ಅಕ್ಕಿಯ ಅನ್ನ. ಆ ಅಕ್ಕಿಯ ಪರಿಮಳ ಹೊಲದಾಚೆಗೂ ಹೋಯಿತೆಂದು ಕಾಣುತ್ತದೆ, ರೈತರ ಮನೆಯ ಮಕ್ಕಳು ಬಂದು ಕೂತರು. ಐದೂವರೆಗೆ ಊಟ, ಭಾಂಡೆ ಎಲ್ಲ ಆಗಿಹೋಯಿತು. ದೀಪಕ್ಕೆ ಮುತ್ತುವ ಹುಳ ಸಾರಿಗೆ ಬೀಳುವ ಪ್ರಶ್ನೆಯೇ ಬರಲಿಲ್ಲ. ಉಳಿದ ದಿನಸಿಯನ್ನೂ ಬೆಲ್ಲವನ್ನೂ ಜೀಪಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಜೀಪನ್ನು ಡೇರೆಯಿಂದ ದೂರ ನಿಲ್ಲಿಸಿದೆವು. ಕರ್ನಾಟಕದ ಕಡೆಯಿಂದ 2002ರ ಸುಮಾರಿಗೆ ಈ ಸೀಮೆಗೆ ಬಂದ ಕಾಡಾನೆಗಳು ಆಜರಾ, ಚಂದಗಡ ಭಾಗದ ಕಬ್ಬಿನ ಹೊಲಗಳಿಗೆ ಇಳಿಯುವುದುಂಟು. ಡೇರೆಯೊಳಗೆ ತಿನಿಸು ಇಟ್ಟುಕೊಂಡು ಮಲಗುವುದು ತರವಲ್ಲ.

ಡೇರೆಯನ್ನು ಹಳ್ಳದ ದಂಡೆಯಲ್ಲಿ ಹಾಕದೆ ಒಂದಿಷ್ಟು ಮೇಲೆ ಹಾಕಿದ್ದೆವು. ರಾತ್ರಿ ತಂಪು ಗಾಳಿ ಭಾರವಾಗಿ ತಗ್ಗಿಗೆ ಇಳಿದು ನಿಲ್ಲುತ್ತದೆ, ಮಂಜೂ ಅಲ್ಲೇ. ಇಚಲಕರಂಜಿಯವರು ಡೇರೆಯ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ, ಪಾಲಿಯೆಸ್ಟರಿನೊಳಗೆ ನಮ್ಮ ಉಸಿರೇ ನೀರಾಗಿ ಹನಿಯುತ್ತದೆ, ಸ್ವಲ್ಪ ಬಾಯಿ ತೆರೆದಿಡಬೇಕು ಎಂದರು. ಹಾಗೇ ಆಯಿತು. ಹುಡುಗ ಚಳಿಗೆ ನಡುಗಿ, ಗಾಡಿಯಲ್ಲಿ ಕಾಜು ಏರಿಸಿ ಹೀಟರು ಹಚ್ಚಿ ಮಲಗುತ್ತೇನೆಂದಾಗ ಎಲ್ಲರೂ ಗದರಿದೆವು. ನಿಂತ ಗಾಡಿಯ ಇಂಜಿನ್ ಓಡುತ್ತಿದ್ದರೆ, ಅಥವಾ ಡೇರೆಯೊಳಗೆ ಇದ್ದಿಲ ಸಿಗಡಿ ಇಟ್ಟರೆ, ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಹುಡುಗನಿಗೆ ಇನ್ನೊಂದು ಕಂಬಳಿ ಕೊಟ್ಟೆವು.

ಮೊದಲ ರಾತ್ರಿಯೇ ಮೂರೂವರೆಯ ಸುಮಾರಿಗೆ ಬೆಲ್ಲದ ಸಾವಕಾರರು ಎದ್ದು ಕೂತರು. ಬಾಯಲ್ಲಿ ಹಬೆ ಬರುವ ಆ ಚಳಿಯಲ್ಲಿ ಅವರ ಹಣೆಯೆಲ್ಲ ಬೆವರು, ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ಅವರಿಗೆ ಸಕ್ಕರೆ ಬೇನೆ. ಸಂಜೆಯ ಊಟದ ಜೊತೆ ಗುಳಿಗೆ ಇದೆ. (ಬೆಲ್ಲದ ಅಡತಿಯವರಿಗೇ ಈ ಬೇನೆ ಬರಬೇಕೆ ಎಂದು ಅವರೇ ನಗುವುದುಂಟು.) ಮನೆಯಲ್ಲಿ ಗಾದಿಯ ಮೇಲೆ ಕೂತು ವ್ಯಾಪಾರ ಮಾಡುವ ದಿನ ಆ ಗುಳಿಗೆ ಸರಿಯಾಗಿತ್ತು. ಇಲ್ಲಿ ಗುಡ್ಡ ಹತ್ತಿದ್ದರು, ಜೀಪು ನೂಕಿದ್ದರು, ಮೇಲೆ ಮುಂಜಾನೆಯವರೆಗೆ ಹದಿಮೂರು ತಾಸಿನ ನಿರಾಹಾರ. ರಕ್ತದ ಸಕ್ಕರೆ ಇಳಿದಿತ್ತು.

ಅವರ ಸೊಸೆ ಹೊರಡುವಾಗ ಸ್ವೆಟರಿನ ಕಿಸೆಯಲ್ಲಿ ಸಕ್ಕರೆಯ ಪುಡಿಕೆ ಇಟ್ಟಿದ್ದರು. ಅದನ್ನು ತೆಗೆದರೆ ಸಾವಕಾರರು ಬಾಯಿ ಮುಚ್ಚಿಬಿಟ್ಟರು. ರಾತ್ರಿ ನೀರೂ ಮುಟ್ಟದ ನೇಮ, ಇಪ್ಪತ್ತು ವರ್ಷದ್ದು. "ಸೂರ್ಯ ಹುಟ್ಟಾಕ ಇನ್ನ ಎಷ್ಟ ತಾಸ ಐತಿ?" ಎಂದು ಮಾತ್ರ ಕೇಳಿದರು.

"ಮೂರೂವರಿ ತಾಸು ಐತಿ ಅಣ್ಣಾ," ಅಂದರು ಮೆಣಸಿನಕಾಯಿ ವ್ಯಾಪಾರಿ. "ಅಲ್ಲೀತನಾ ನೀವು ಶುದ್ಧಿಮ್ಯಾಲ ಇರೂದಿಲ್ಲ. ನೇಮ ಮಾಡೂ ಮನಸ ಉಳೀಬೇಕಾದ್ರ ಈಗ ಬಾಯಿ ತಗೀರಿ. ಪ್ರಾಯಶ್ಚಿತ್ತ ಅಂತ ಶಾಸ್ತ್ರದಾಗ ಸುಮ್ಮನ ಹೇಳ್ಯಾರೇನ್ರಿ?"

ಸಾವಕಾರರು ಕಣ್ಣು ಮುಚ್ಚಿ ಣಮೋಕಾರ ಹೇಳಿಕೊಂಡು ಬಾಯಿ ತೆರೆದರು. ಮೂರು ಚಮಚೆಯಷ್ಟು ಸಕ್ಕರೆಯನ್ನು ಗಾಳಿಸಿದ ನೀರಿನಲ್ಲಿ ಕಲಸಿ ಕುಡಿಸಿದೆವು. ಕಾಲು ತಾಸಿಗೆ ಬೆವರು ನಿಂತಿತು, ಮಾತು ಸ್ವಚ್ಛವಾಯಿತು. ಜೀಪಿನ ಪೆಟ್ಟಿಗೆ ತೆಗೆದು ಅರ್ಧ ರೊಟ್ಟಿಯನ್ನೂ ತಿನ್ನಿಸಿದೆವು, ಏಕೆಂದರೆ ಬರಿಯ ಸಕ್ಕರೆಯ ಬಲ ಬೇಗ ಇಳಿದುಹೋಗುತ್ತದೆ. ಶುದ್ಧಿ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕುವಂತಿರಲಿಲ್ಲ, ಶ್ವಾಸನಾಳಕ್ಕೆ ಹೋಗುವ ಭಯ. ಆಗ ಕತ್ತಲಲ್ಲಿ ಹಳ್ಳ ದಾಟಿ ಆಜರಾಕ್ಕೆ ಒಯ್ಯಬೇಕಾಗುತ್ತಿತ್ತು; ಅಲ್ಲಿ ಫೋನೂ ಹತ್ತುವುದಿಲ್ಲ. ಥಾರನ್ನು ದಾರಿಯ ಕಡೆ ಮುಖ ಮಾಡಿ ನಿಲ್ಲಿಸಿಟ್ಟು, ಬೆಳಗಿನವರೆಗೆ ಪಾಳಿಯ ಮೇಲೆ ಅವರ ಹತ್ತಿರ ಕೂತೆವು.

ಮರುದಿನ ಅವರು ಊರಿಗೆ ಹೊರಡಲು ಒಪ್ಪಲಿಲ್ಲ. ಆಜರಾಕ್ಕೆ ಹೋಗಿ ವೈದ್ಯರ ಜೊತೆ ಫೋನಿನಲ್ಲಿ ಮಾತಾಡಿ, ಅವರು ಹೇಳಿದಂತೆ ಆ ಸಂಜೆಯ ಗುಳಿಗೆ ಬಿಟ್ಟು, ಗುಡ್ಡ ಹತ್ತದೆ ರೈತರ ಕಟ್ಟೆಯ ಮೇಲೆ ಕೂತು ಊರಿನವರೊಡನೆ ಕಬ್ಬಿನ ದರ ಮಾತಾಡಿದರು. ಎರಡನೆಯ ರಾತ್ರಿ ಸುಖವಾಗಿ ಹೋಯಿತು. ಊರಿಗೆ ಬಂದ ಮೇಲೆ ವೈದ್ಯರು ಗುಳಿಗೆಯನ್ನೇ ಬದಲಿಸಿದರು, ನೇಮ ಮುಂದುವರಿದಿದೆ. ಮುನಿ ಮಹಾರಾಜರ ಹತ್ತಿರ ಪ್ರಾಯಶ್ಚಿತ್ತ ಕೇಳಿ ತೆಗೆದುಕೊಂಡರು. ಅದು ಏನೆಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಬರುವ ಚಳಿಗಾಲಕ್ಕೆ ದಾಜೀಪುರದ ಮಾತು ನಡೆದಿದೆ. 1958ರಲ್ಲಿ ಕಾಡುಕೋಣಗಳಿಗಾಗಿ ಕಾದಿರಿಸಿದ ಆ ಕಾಡು ಈಗ ರಾಧಾನಗರಿ ಅಭಯಾರಣ್ಯದೊಳಗಿದೆ, 2012ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲೂ ಇದೆ. ಅಲ್ಲಿ ಮನಬಂದಲ್ಲಿ ಡೇರೆ ಹಾಕುವಂತಿಲ್ಲ, ಬೆಂಕಿ ಹಚ್ಚುವಂತಿಲ್ಲ, ಅರಣ್ಯ ಇಲಾಖೆಯ ಪರವಾನಗಿ ಇಲ್ಲದೆ ಒಳಗೆ ಹೋಗುವಂತಿಲ್ಲ. ಅರ್ಜಿಯ ಕೆಲಸವನ್ನು ಹುಡುಗನಿಗೆ ಒಪ್ಪಿಸಿದ್ದೇವೆ. ಸಾವಕಾರರು ಬರುತ್ತೇನೆಂದಿದ್ದಾರೆ, ಈ ಸಲ ಜೀಪು ನೂಕುವುದಿಲ್ಲವೆಂದು ಸೊಸೆಗೆ ಮಾತು ಕೊಟ್ಟಿದ್ದಾರಂತೆ.