ಕೋಚ್ ಹೋದ ಮೇಲೇನು?

ಫುಟ್‌ಬಾಲ್ ಕ್ಲಬ್ ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಕೋಚ್ ಆ್ಯಶ್ಲಿ ವೆಸ್ಟ್‌ವುಡ್ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದುಕೊಟ್ಟರು, 2016ರಲ್ಲಿ ಮತ್ತೊಮ್ಮೆ. ಅದೇ ವರ್ಷ ಬಂದ ಆಲ್ಬರ್ಟ್ ರೋಕಾ ತಂಡವನ್ನು ಎಎಫ್‌ಸಿ ಕಪ್ ಫೈನಲ್‌ಗೆ ಒಯ್ದರು. ಭಾರತದ ಯಾವ ಕ್ಲಬ್ಬೂ ಅಲ್ಲಿಯವರೆಗೆ ಹೋಗಿರಲಿಲ್ಲ. ಲೀಗ್ ಟ್ರೋಫಿ ಲೆಕ್ಕದಲ್ಲಿ ವೆಸ್ಟ್‌ವುಡ್ ಮುಂದೆ. ನಮ್ಮ ಮತ ಮಾತ್ರ ರೋಕಾ ಅವರಿಗೆ. ಕಾರಣ, ಅವರು ಹೋದ ಮೇಲೆ ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರಾತ್ ಅದೇ ತಂಡವನ್ನು ಮುಂದುವರಿಸಿ 2019ರಲ್ಲಿ ಐಎಸ್‌ಎಲ್ ಕಿರೀಟ ತಂದರು. ಆಮೇಲೆ ಕೋಚ್‌ಗಳು ಬಂದರು, ಹೋದರು. 2023 ಮತ್ತು 2025ರ ಐಎಸ್‌ಎಲ್ ಫೈನಲ್‌ಗಳು ಕೈತಪ್ಪಿದವು.

ಶೆಟ್ಟಿಹಳ್ಳಿ ಕಡೆಯ ಹುಡುಗರು ಆಡುವ ಹಾಸನ, ಚನ್ನರಾಯಪಟ್ಟಣದ ಕಾಲೇಜುಗಳೂ ರೋಕಾ ನಂತರ ಅವರ ಸಹಾಯಕರೇ ತಂಡ ಮುಂದುವರಿಸಿದ್ದನ್ನು ಗಮನಿಸಲಿ. ದೈಹಿಕ ಶಿಕ್ಷಣ ನಿರ್ದೇಶಕರು ವರ್ಗವಾಗುವ ಮುನ್ನವೇ ಮುಂದಿನವರನ್ನು ತಯಾರು ಮಾಡಿಡಿ.