ಆಳೆತ್ತರದ ಪ್ರತಿಮೆ

ಯರಗಟ್ಟಿಯ ಪೇಟೆಯಲ್ಲಿ ತಲೆಗೆ ರುಮಾಲು ಸುತ್ತಿ ನಡೆದುಹೋಗುವ ರೈತನನ್ನು ನಾವಾರೂ ನಿಂತು ನೋಡುವುದಿಲ್ಲ. ಆದರೆ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ, ದಿವಂಗತ ಟಿ. ಬಿ. ಸೊಲಬಕ್ಕನವರ ಅವರು ರೂಪಿಸಿದ ಉತ್ಸವ ರಾಕ್ ಗಾರ್ಡನ್ನಿನಲ್ಲಿ, ಅಂಥವನದೇ ಆಳೆತ್ತರದ ಪ್ರತಿಮೆಯ ಮುಂದೆ ಬೆರಗಾಗಿ ನಿಲ್ಲುತ್ತೇವೆ. ಇದು ಬರಿಯ ನಕಲು, ಕಲೆಯಲ್ಲ ಎನ್ನುವವರುಂಟು. ಈ ಮಾತನ್ನು ನಾವು ಒಪ್ಪಲಾರೆವು.

ಪ್ರತಿಮೆಗೆ ಯಾವ ಅಳತೆ ತಕ್ಕುದೆಂದು ನಿರ್ಧರಿಸುವುದೂ ಶಿಲ್ಪಿಯ ವಿಚಾರಶಕ್ತಿಗೆ ಸೇರಿದುದು. ಶ್ರವಣಬೆಳಗೊಳದ ಗೊಮ್ಮಟನ ಎತ್ತರ ಸುಮಾರು 57 ಅಡಿ. ಅವನನ್ನು ತಲೆಯೆತ್ತಿ ನೋಡುತ್ತೇವೆ. ಆಸ್ಟ್ರೇಲಿಯದಲ್ಲಿ ಜನಿಸಿದ ಶಿಲ್ಪಿ ರಾನ್ ಮ್ಯೂಯೆಕ್ 1996-97ರಲ್ಲಿ ತಮ್ಮ ಮೃತ ತಂದೆಯ ದೇಹವನ್ನು ಕೂದಲು, ಚರ್ಮಗಳ ಸಮೇತ ಯಥಾವತ್ತಾಗಿ, ಆದರೆ ಸುಮಾರು 102 ಸೆಂಟಿಮೀಟರ್ ಉದ್ದಕ್ಕೆ ಕಿರಿದಾಗಿಸಿ ರಚಿಸಿದರು. ಅದನ್ನು ಬಾಗಿ ನೋಡುವಾಗ ಕನಿಕರ ಹುಟ್ಟುತ್ತದೆ.

ಜೀವಂತ ದೇಹಕ್ಕಾದರೋ ಈ ಸ್ವಾತಂತ್ರ್ಯವಿಲ್ಲ. ಮನುಷ್ಯನು ಇದೇ ಆಕಾರದಲ್ಲಿ ಇಮ್ಮಡಿ ಎತ್ತರವಾದರೆ ತೂಕ ಎಂಟು ಪಟ್ಟಾಗುವುದು. ಮೂಳೆಯ ದಪ್ಪದ ವಿಸ್ತೀರ್ಣ ಹೆಚ್ಚುವುದು ನಾಲ್ಕೇ ಪಟ್ಟು. ಹೀಗಾಗಿ ಮೂಳೆಯ ಪ್ರತಿ ಚದರ ಅಂಗುಲವೂ ಇಮ್ಮಡಿ ಭಾರ ಹೊರಬೇಕಾಗುವುದು. ದೈತ್ಯನಿಗೆ ನಮ್ಮ ಆಕಾರದ ಮೂಳೆಗಳು ಸಾಲವೆಂಬುದನ್ನು ಗೆಲಿಲಿಯೊ 1638ರಲ್ಲೇ ವಿವರಿಸಿದ್ದನು.

ನಮ್ಮ ಮೂಳೆಗಳಿಗೆ ಒಗ್ಗಿದ ಆ ಅಳತೆಯಲ್ಲೇ ಗೊಟಗೋಡಿಯ ರೈತನು ನಿಂತಿದ್ದಾನೆ. ಆದುದರಿಂದಲೇ ಅವನನ್ನು ಸರಿಸಮನಾಗಿ, ಕಣ್ಣಿಗೆ ಕಣ್ಣು ಕೊಟ್ಟು ನೋಡುತ್ತೇವೆ. ವಿದ್ಯಾರ್ಥಿಗಳು ಅಲ್ಲಿಗೆ ಹೋದಾಗ ಅವನ ಎತ್ತರವನ್ನು ತಮ್ಮ ಎತ್ತರದೊಡನೆ ಹೋಲಿಸಿ ನೋಡಲಿ. ಊರಿಗೆ ಮರಳಿದ ಮೇಲೆ ಪೇಟೆಯ ರೈತನನ್ನೂ ಅದೇ ಗಮನದಿಂದ, ಅದೇ ಗೌರವದಿಂದ ನೋಡಲಿ.