ಹಸು ಮಾರಿ ಕಂಪ್ಯೂಟರ್ ಮಂಡಿ ಹಾಕಿಸಬೇಕೆ?



ಕಳೆದ ತಿಂಗಳು ಗುಬ್ಬಿ ಕಡೆಯ ಒಂದು ಮಹಿಳಾ ಸಂಘದ ಊರಿಗೆ, ಮೇವು ಬಿಟ್ಟಿದ್ದ ಹಸು ನೋಡಲು ಹೋಗಿದ್ದೆ. ಏಳು ತಿಂಗಳ ಗಬ್ಬ, ಒಳ್ಳೆ ಹಾಲಿನ ಹಸು. ಇಂಜೆಕ್ಷನ್ ಕೊಟ್ಟು ಕೈ ತೊಳೆಯುವಾಗ ಮನೆಯಾಕೆ, “ಡಾಕ್ಟ್ರೇ, ಇದಕ್ಕೆ ಎಷ್ಟು ಬರಬಹುದು?” ಅಂದರು. ಯಾಕೆ ಎಂದರೆ ಮಂಡಿ ತೋರಿಸಿದರು. ಮಂಡಿ ಬದಲಾಯಿಸಬೇಕಂತೆ, ಮಾಮೂಲಿಗಿಂತ ಕಂಪ್ಯೂಟರ್ ಆಪರೇಷನ್ ಮೇಲಂತೆ, ಅದಕ್ಕೆ ದುಡ್ಡೂ ಜಾಸ್ತಿಯಂತೆ.

ನಾನು ದನದ ಡಾಕ್ಟರು. ನಿಮ್ಮ ಮಂಡಿಗೆ ಚಿಕಿತ್ಸೆ ಹೇಳುವ ಅಧಿಕಾರ ನನಗಿಲ್ಲ. ಆದರೆ ಕೊಟ್ಟಿಗೆಯಿಂದ ಹಸು ಹೋಗುವ ಮಾತು ಬಂದರೆ ಸುಮ್ಮನಿರಲಾಗುವುದಿಲ್ಲ.

ಎರಡೂ ಆಪರೇಷನ್‌ನಲ್ಲಿ ಆಗುವ ಕೆಲಸ ಒಂದೇ. ಸವೆದ ಮೂಳೆಯ ತುದಿಯನ್ನು ಕತ್ತರಿಸಿ ಲೋಹದ ಕವಚ ಕೂರಿಸಿ, ನಡುವೆ ಪ್ಲಾಸ್ಟಿಕ್ ಇಡುತ್ತಾರೆ. ವ್ಯತ್ಯಾಸ ಇರುವುದು ಅಳತೆಯಲ್ಲಿ. ಮಾಮೂಲಿ ಪದ್ಧತಿಯಲ್ಲಿ ತೊಡೆಮೂಳೆಯೊಳಗೆ ಸರಳು ತೂರಿಸಿ ಅದರ ಆಧಾರದಲ್ಲಿ ಕತ್ತರಿಸುತ್ತಾರೆ. ಕಂಪ್ಯೂಟರ್ ಪದ್ಧತಿಯಲ್ಲಿ ತೊಡೆಮೂಳೆಗೂ ಮೊಣಕಾಲ ಕೆಳಗಿನ ಮೂಳೆಗೂ ಪಿನ್ ಹೊಡೆದು ಸೆನ್ಸರ್ ಕಟ್ಟುತ್ತಾರೆ. ಕ್ಯಾಮೆರಾ ಅದನ್ನು ನೋಡಿ ಪರದೆಯ ಮೇಲೆ ಕೋನ ತೋರಿಸುತ್ತದೆ. ಗಾರೆ ಮೇಸ್ತ್ರಿ ತೂಗುಗುಂಡು ಬಿಡುವುದಕ್ಕೂ ಲೇಸರ್ ಹಿಡಿಯುವುದಕ್ಕೂ ಇರುವಷ್ಟು ವ್ಯತ್ಯಾಸ. ಗೋಡೆ ಕಟ್ಟುವ ಕೈ ಮೇಸ್ತ್ರಿಯದೇ, ಇಲ್ಲಿ ಕತ್ತರಿಸುವ ಕೈ ಸರ್ಜನ್‌ರದೇ.

ಕಂಪ್ಯೂಟರ್ ಬಳಸಿದಾಗ ಕಾಲಿನ ನೇರ 3 ಡಿಗ್ರಿಗಿಂತ ಹೆಚ್ಚು ತಪ್ಪುವುದು ಕಡಿಮೆ, ಅದು ನಿಜ. ಆದರೆ ವರ್ಷಗಳ ನಂತರ ನೋವು ಎಷ್ಟಿದೆ, ನಡಿಗೆ ಹೇಗಿದೆ ಎಂದು ಹೋಲಿಸಿದ ಹೆಚ್ಚಿನ ಅಧ್ಯಯನಗಳಲ್ಲಿ ದೊಡ್ಡ ಅಂತರ ಕಂಡಿಲ್ಲ. ಆಸ್ಟ್ರೇಲಿಯಾದ ರಾಷ್ಟ್ರೀಯ ದಾಖಲೆಯಲ್ಲಿ 65ರೊಳಗಿನವರಿಗೆ ಮರು ಆಪರೇಷನ್ ಸ್ವಲ್ಪ ಕಡಿಮೆ ಬಂದಿದೆ. ತೊಡೆಮೂಳೆ ಬಾಗಿದ್ದರೆ, ಹಳೆ ಮುರಿತಕ್ಕೆ ರಾಡು ಹಾಕಿಸಿಕೊಂಡಿದ್ದರೆ ಒಳಗೆ ಸರಳು ತೂರಿಸುವುದು ಕಷ್ಟ. ಅಂಥವರಿಗೆ ಕಂಪ್ಯೂಟರ್ ನಿಜಕ್ಕೂ ಉಪಯೋಗ. ಉಳಿದವರು ಅದಕ್ಕಾಗಿ ಗಬ್ಬದ ಹಸು ಮಾರಬಾರದು ಎಂಬುದು ನನ್ನ ಅಭಿಪ್ರಾಯ. ವರ್ಷಕ್ಕೆ ಎಷ್ಟು ಮಂಡಿ ಮಾಡುತ್ತೀರಿ ಎಂದು ಸರ್ಜನ್‌ರನ್ನೇ ಕೇಳಿ. ಕೇಳಿದರೆ ತಪ್ಪೇನಿಲ್ಲ, ನಮ್ಮನ್ನೂ ನೀವು ಕೇಳುತ್ತೀರಲ್ಲ.

ಬಿಲ್ಲನ್ನು ಬಿಡಿಸಿ ಬರೆಸಿಕೊಳ್ಳಿ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿತು. ಸಾಮಾನ್ಯ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ ಆಗ ನಿಗದಿಯಾದದ್ದು ತೆರಿಗೆ ಬಿಟ್ಟು 54,720 ರೂಪಾಯಿ. ಆ ಮಿತಿ ಇರುವುದು ಮಂಡಿಗೆ, ಕಂಪ್ಯೂಟರ್ ಬಾಡಿಗೆಗಲ್ಲ. ಯಶಸ್ವಿನಿ, ಆಯುಷ್ಮಾನ್ ಕಾರ್ಡ್ ನಡೆಯುತ್ತದೆಯೇ ಎಂಬುದನ್ನು ದಾಖಲಾಗುವ ಮೊದಲೇ ವಿಚಾರಿಸಿ. ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲೂ ಒಮ್ಮೆ ತೋರಿಸಿ.

ಇನ್ನೊಂದು ಮಾತು. ಕಂದು ಹಾಕಿದ ಹಸುವಿನ ಸತ್ತೆಯನ್ನು ಬರಿಗೈಯಲ್ಲಿ ಎಳೆದಿದ್ದೀರಾ? ಆಮೇಲೆ ಬಿಟ್ಟು ಬಿಟ್ಟು ಜ್ವರ, ಬೆವರು, ಕೀಲುನೋವು ಬಂದಿದ್ದರೆ ಅದು ಬ್ರುಸೆಲ್ಲೋಸಿಸ್ ಇರಬಹುದು. ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಔಷಧಿಯಲ್ಲಿ ವಾಸಿಯಾಗುತ್ತದೆ. ಮಂಡಿ ಡಾಕ್ಟರಿಗೆ ಹಸು ಸಾಕುತ್ತೇನೆ ಎಂದು ಹೇಳಲೇಬೇಕು. ನಿಮ್ಮ ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳೊಳಗೆ ಲಸಿಕೆ ಹಾಕಿಸಿ.

ಯಾವ ಪದ್ಧತಿಯಲ್ಲಿ ಮಾಡಿಸಿದರೂ ಕುಕ್ಕರಗಾಲಲ್ಲಿ ಕೂತು ಹಾಲು ಕರೆಯುವುದು ಮುಗಿದಂತೆ. ವಾರಗಟ್ಟಲೆ ವ್ಯಾಯಾಮ ಬೇಕು, ಅಷ್ಟು ದಿನ ಸಗಣಿ ಬಾಚುವವರು ಬೇಕು. ಆಪರೇಷನ್ ಆದ ಕುಣಿಗಲ್ ಕಡೆಯ ಒಬ್ಬ ತಾಯಿ ಈಗ ಎತ್ತರದ ಸ್ಟೂಲಿನ ಮೇಲೆ ಕೂತು ಮಿಷಿನ್‌ನಲ್ಲಿ ಕರೆಯುತ್ತಾರೆ. ಕಂಪ್ಯೂಟರಿಗೆ ಕೊಡುವ ದುಡ್ಡಿದ್ದರೆ ಮೊದಲು ಆ ಮಿಷಿನ್‌ಗೆ ಹಾಕಿ ಎನ್ನುತ್ತೇನೆ.

ಗುಬ್ಬಿಯ ಅಕ್ಕ ಇನ್ನೂ ಹಸು ಮಾರಿಲ್ಲ. ಮುಂದಿನ ತಿಂಗಳು ಕರು ಹಾಕುತ್ತದೆ.